ಹಾವು ಕಚ್ಚಿದರೆ ಲೆಕ್ಕವಿದೆ, ಹೆಣ್ಣು ಬೆಂದರೆ?

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ನರ್ಸಿಂಗ್ ಹೋಮ್ ಇರಲಿ, ಹಾವು ಕಚ್ಚಿಸಿಕೊಂಡವರು ಬಂದರೆ, ಸತ್ತರೆ, ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಒಳ್ಳೆಯ ಕೆಲಸ. ಹೊಲಗದ್ದೆಯಲ್ಲಿ ದುಡಿಯುವ ಬಡವರೇ ಹೆಚ್ಚಾಗಿ ಹಾವಿಗೆ ಬಲಿಯಾಗುವುದು. ಅವರ ಸಾವು ಇಷ್ಟು ದಿನ ಯಾರ ಲೆಕ್ಕಕ್ಕೂ ಸರಿಯಾಗಿ ಸಿಕ್ಕಿರಲಿಲ್ಲ. ಸುದ್ದಿ ಓದಿದಾಗ ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಹಾವಿನ ಹಲ್ಲಿಗೆ ಸಿಕ್ಕವರನ್ನು ಎಣಿಸಲು ಗೊತ್ತಿರುವ ಸರ್ಕಾರಕ್ಕೆ ಗಂಡನ ಮನೆಯ ಅಡುಗೆಕೋಣೆಯಲ್ಲಿ ಬೆಂದು ಬರುವ ಹೆಣ್ಣುಮಕ್ಕಳನ್ನು ಎಣಿಸಲು ಯಾಕೆ ಗೊತ್ತಾಗುವುದಿಲ್ಲ?

ಪೊಲೀಸರು ಎಣಿಸುತ್ತಾರಲ್ಲ ಎನ್ನಬಹುದು. ಆ ಎಣಿಕೆಯ ಬಗ್ಗೆಯೇ ನನ್ನ ತಕರಾರು.

1997ರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಮದುವೆಯಾದ ಹದಿನಾಲ್ಕನೆಯ ತಿಂಗಳಿಗೆ ಸುಟ್ಟು ಆಸ್ಪತ್ರೆ ಸೇರಿದಳು. ನೋಡಲು ಹೋದೆ. ಊರು, ಆಸ್ಪತ್ರೆಯ ಹೆಸರು ಬೇಡ. ಪೊಲೀಸಿನವರು ಹೇಳಿಕೆ ಬರೆದುಕೊಳ್ಳುವಾಗ ಮಂಚದ ತಲೆಯ ಹತ್ತಿರ ಅತ್ತೆ ನಿಂತಿದ್ದಳು. ಸ್ಟೌವ್ ಸಿಡಿಯಿತು ಎಂದು ಬರೆದುಕೊಂಡರು. ಆಕೆಯ ತಾಯಿ ನನ್ನ ಕೈ ಹಿಡಿದು, "ಮೇಡಮ್ನೋರೆ, ಸ್ಟೌವ್ ಮುಂದೆ ಕೂತೋಳಿಗೆ ಬೆನ್ನು ಹೆಂಗೆ ಸುಡ್ತದೆ? ತಲೆಗೂದಲಲ್ಲಿ ಸೀಮೆಎಣ್ಣೆ ವಾಸನೆ ಹೆಂಗೆ ಬರ್ತದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕೇಸ್ ಶೀಟಿನಲ್ಲಿ ಪ್ರಶ್ನೆಯೂ ಇರಲಿಲ್ಲ. ಐದನೆಯ ದಿನ ಹುಡುಗಿ ತೀರಿಕೊಂಡಳು. ಅವಳು ಪೊಲೀಸರ ಲೆಕ್ಕದಲ್ಲಿ ಆಕಸ್ಮಿಕ, ಆಸ್ಪತ್ರೆಯ ಲೆಕ್ಕದಲ್ಲಿ ನಂಜು. ವರದಕ್ಷಿಣೆ ಸಾವಿನ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ.

ಅದೇ ವರ್ಷಗಳಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು ಪೊಲೀಸ್ ಠಾಣೆಗಳ ಕಡತಗಳನ್ನೂ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡನ್ನೂ ಜಾಲಾಡಿ, ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳಲ್ಲಿ ಎಷ್ಟೊಂದು "ಸ್ಟೌವ್ ಸಿಡಿತ"ದ ಹೆಸರಿನಲ್ಲಿ ಮುಚ್ಚಿಹೋಗುತ್ತಿವೆ ಎಂದು ಜನರ ಮುಂದಿಟ್ಟರು. ಸರ್ಕಾರ ಮಾಡಬೇಕಾಗಿದ್ದ ಕೆಲಸವನ್ನು ಕೈಯಲ್ಲಿ ನೋಟ್‌ಬುಕ್ ಹಿಡಿದ ನಾಲ್ಕಾರು ಹೆಂಗಸರು ಮಾಡಿದರು. ಇಂದಿಗೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಪಘಾತ ವರದಿಯನ್ನು ತೆರೆದು ನೋಡಿ, ಬೆಂಕಿ ಅಪಘಾತಗಳ ಕೆಳಗೆ "ಅಡುಗೆ ಅನಿಲ ಸಿಲಿಂಡರ್ ಅಥವಾ ಸ್ಟೌವ್ ಸಿಡಿತ" ಎಂಬ ಅಂಕಣ ಅಚ್ಚಾಗಿರುತ್ತದೆ. ಕೊಂದವರು ಹೇಳುವ ಕಥೆಗೆ ಸರ್ಕಾರವೇ ಒಂದು ಸಾಲು ಕಾದಿರಿಸಿದೆ.

ಈಗ ಅಂಕಿಗಳಿಗೆ ಬರುತ್ತೇನೆ. ಅರ್ಥಶಾಸ್ತ್ರದ ತರಗತಿಯಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರದ ಪತ್ರಿಕೆ ಪಾಠ ಮಾಡಿದವಳಿಗೆ ಇದು ಬಿಡಲಾರದ ಚಟ. 2009ರಲ್ಲಿ ಪ್ರಾಚಿ ಸಾಂಘ್ವಿ, ಕವಿ ಭಲ್ಲಾ, ವೀಣಾ ದಾಸ್ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಯಾವ ವಾರ್ಡಿಗೂ ಹೋಗಲಿಲ್ಲ. ನಗರಗಳ ಮರಣ ಪ್ರಮಾಣಪತ್ರಗಳು, ಹಳ್ಳಿಗಳ ಸಾವಿನ ಕಾರಣಗಳ ಸಮೀಕ್ಷೆ, ಹೀಗೆ ಆರೋಗ್ಯದ ಕಡೆಯ ದಾಖಲೆಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. 2001ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000. ಅವರಲ್ಲಿ 1,06,000 ಮಂದಿ ಹೆಂಗಸರು, ಹೆಚ್ಚಿನವರು 15ರಿಂದ 34 ವರ್ಷದವರು. ಪೊಲೀಸರ ಅಂಕಿಗಿಂತ ಇದು ಆರು ಪಟ್ಟು. ಇವರೆಲ್ಲ ಕೊಲೆಯಾದವರು ಎಂದು ಆ ಲೇಖಕರು ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅದೇ ಸ್ಟೌವ್, ಅದೇ ಸೀಮೆಎಣ್ಣೆ. ಅದು ಇಪ್ಪತ್ತರ ಹರೆಯದ ಸೊಸೆಯನ್ನೇ ಹುಡುಕಿಕೊಂಡು ಹೋಗಿ ಯಾಕೆ ಸಿಡಿಯುತ್ತದೆ? ಐವತ್ತರ ಅತ್ತೆಯೂ ಅದೇ ಒಲೆಯ ಮುಂದೆ ಕೂರುವವಳಲ್ಲವೇ?

ಅಪರಾಧ ಬ್ಯೂರೋ 2022ಕ್ಕೆ ಕೊಟ್ಟಿರುವ ವರದಕ್ಷಿಣೆ ಸಾವಿನ ಸಂಖ್ಯೆ 6,450. ಹಿಂದೆ 304 ಬಿ ಎನ್ನುತ್ತಿದ್ದ, 2024ರ ಜುಲೈಯಿಂದ ನ್ಯಾಯ ಸಂಹಿತೆಯ 80ನೆಯ ಕಲಮಾಗಿರುವ ಕಾನೂನಿನ ಅಡಿ ದೂರು ದಾಖಲಾದರೆ ಮಾತ್ರ ಹೆಣ್ಣೊಬ್ಬಳು ಈ ಸಂಖ್ಯೆಯೊಳಗೆ ಬರುತ್ತಾಳೆ. ಅಂದರೆ ಇದು ಸತ್ತವರ ಲೆಕ್ಕವಲ್ಲ, ಠಾಣೆಯ ಬಾಗಿಲು ದಾಟಿದವರ ಲೆಕ್ಕ.

ಆಸ್ಪತ್ರೆಯ ಬಾಗಿಲನ್ನಾದರೂ ನಂಬೋಣವೆಂದರೆ ಅಲ್ಲಿ ನಮೂನೆ 4 ಇದೆ. ವೈದ್ಯರು ಸಾವಿನ ಕಾರಣ ಬರೆಯಬೇಕಾದ ಕಾಗದ ಅದು. ಸಾವು ಸಹಜವೋ, ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ, ತನಿಖೆ ಬಾಕಿಯೋ ಎಂದು ಗುರುತು ಹಾಕಲು ಜಾಗವಿದೆ. ಗಾಯ ಹೇಗಾಯಿತು ಎಂದು ಬರೆಯಲೂ ಜಾಗವಿದೆ. ಸತ್ತವಳು ಹೆಣ್ಣಾದರೆ ಸಾವಿಗೂ ಬಸಿರಿಗೂ ಸಂಬಂಧವಿತ್ತೇ ಎಂದೂ ಕೇಳುತ್ತಾರೆ. ಮದುವೆಯಾಗಿ ಎಷ್ಟು ವರ್ಷವಾಗಿತ್ತು ಎಂದು ಕೇಳುವುದಿಲ್ಲ. ಏಳು ವರ್ಷದೊಳಗಿನ ಸಾವು ಎಂದು ಕಾನೂನು ಇಷ್ಟು ಒತ್ತಿ ಹೇಳುವಾಗ ಆರೋಗ್ಯ ಇಲಾಖೆಯ ಕಾಗದಕ್ಕೆ ಅದು ಬೇಕಾಗಿಯೇ ಇಲ್ಲ! ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ಬೆಂಕಿ ಆಕಸ್ಮಿಕವಾದರೆ ಒಂದು ಸಂಕೇತ, ತಾನೇ ಹಚ್ಚಿಕೊಂಡರೆ ಎಕ್ಸ್ 76, ಬೇರೆಯವರು ಹಚ್ಚಿದರೆ ಎಕ್ಸ್ 97, ಗೊತ್ತಾಗದಿದ್ದರೆ ವೈ 26. ಇಷ್ಟು ವಿವರವಾಗಿ ಬರೆಯಲು ಸಾಧ್ಯವಿರುವಾಗ "ಸುಟ್ಟಗಾಯದಿಂದ ನಂಜು" ಎಂದಷ್ಟೇ ಬರೆದು ಮುಗಿಸುವವರು ಎಷ್ಟು ಮಂದಿ! ಅದೂ ಬರೆದರೆ ಭಾಗ್ಯ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ನೂರಕ್ಕೆ 22.5 ಮಾತ್ರ.

ಸಮಗ್ರ ರೋಗ ಕಣ್ಗಾವಲು ಯೋಜನೆ 2004ರಿಂದ ನಡೆಯುತ್ತಿದೆ. ಆರೋಗ್ಯ ಕಾರ್ಯಕರ್ತೆಗೆ ಒಂದು ನಮೂನೆ, ವೈದ್ಯರಿಗೆ ಒಂದು, ಪ್ರಯೋಗಾಲಯಕ್ಕೆ ಒಂದು. ಯಾವ ಜಿಲ್ಲೆಯಲ್ಲಿ ವಾಂತಿಭೇದಿ ಎದ್ದಿದೆ, ಎಲ್ಲಿ ದಡಾರ ಕಾಣಿಸಿಕೊಂಡಿದೆ ಎಂಬ ವಾರದ ವರದಿಯನ್ನು ಯಾರು ಬೇಕಾದರೂ ಓದುವಂತೆ ಬಹಿರಂಗಪಡಿಸುವ ಪದ್ಧತಿಯೂ ಅದರಲ್ಲಿದೆ, ತಡವಾಗಿಯಾದರೂ. ವೈದ್ಯರ ನಮೂನೆಯಲ್ಲಿ ನಾಯಿ ಕಡಿತ, ಹಾವು ಕಡಿತಕ್ಕೂ ಸಾಲುಗಳಿವೆ. ಹೀಗೆ ಬಹಿರಂಗವಾಗಿ ಎಣಿಸುವುದರಿಂದ ಏನು ಬಂತು ಎನ್ನುವವರಿಗೆ ಹಳೆಯ ಉದಾಹರಣೆಯೊಂದಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕಾಲರಾ ಮೂಲವನ್ನು ಜಾನ್ ಸ್ನೋ ಹುಡುಕಿದ್ದು ಮರಣ ನೋಂದಣಿ ಕಚೇರಿಯಿಂದ ಸತ್ತವರ ವಿಳಾಸಗಳನ್ನು ಪಡೆದು. ವಿಳಾಸಗಳ ನಡುವೆ ನೀರಿನ ಪಂಪು ಕಂಡಿತು. ನಮ್ಮಲ್ಲೂ ಲೆಕ್ಕ ತೆರೆದಿಟ್ಟರೆ ಯಾವ ತಾಲ್ಲೂಕಿನಲ್ಲಿ, ಮದುವೆಯ ಎಷ್ಟನೆಯ ವರ್ಷದಲ್ಲಿ, ಯಾವ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಬೆಂದು ಬರುತ್ತಿದ್ದಾರೆ ಎಂಬುದು ಕಾಣುತ್ತದೆ. ಕಂಡುಬಿಡುತ್ತದೆ ಎಂಬ ಭಯವೇ ಇರಬೇಕು.

"ಇದು ರೋಗವಲ್ಲ, ಪೊಲೀಸ್ ವಿಷಯ" ಎಂದು ಪರಿಚಯದ ವೈದ್ಯರೊಬ್ಬರು ನನಗೆ ಹೇಳಿದರು. ಹಾವು ಕಚ್ಚುವುದು ಯಾವ ರೋಗಾಣುವಿನಿಂದ ಸ್ವಾಮಿ ಎಂದು ಕೇಳಿದೆ. ನಕ್ಕರು. ಬೇರೆ ಉತ್ತರ ಬರಲಿಲ್ಲ. ಮನಸ್ಸಿದ್ದರೆ ಆಸ್ಪತ್ರೆ ಏನು ಮಾಡಬಹುದು ಎಂಬುದಕ್ಕೆ ಮುಂಬೈಯ ಬಾಂದ್ರಾ ಭಾಭಾ ಆಸ್ಪತ್ರೆಯ ದಿಲಾಸಾ ಕೇಂದ್ರವಿದೆ. 2000ದಲ್ಲಿ ಅಲ್ಲಿನ ಮಹಾನಗರಪಾಲಿಕೆ ಮತ್ತು ಸೇಹತ್ ಸಂಸ್ಥೆ ಸೇರಿ ಆರಂಭಿಸಿದ್ದು. ಮನೆಯಲ್ಲಿ ಹೊಡೆತ ತಿಂದು ಬಂದವಳನ್ನು ಗುರುತಿಸುವುದು, ಆಪ್ತಸಲಹೆ ಕೊಡುವುದು, ದಾಖಲಿಸುವುದು ಆರೋಗ್ಯದ ಕೆಲಸವೇ ಎಂದು ಅವರು ಮಾಡಿ ತೋರಿಸಿದ್ದಾರೆ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು, ನಮ್ಮ ಗೆಳತಿಯರದೇ. ಲೆಕ್ಕ ಬಹಿರಂಗವಾದರೆ ಬದುಕುಳಿದವಳ ಗುಟ್ಟೂ ಬಯಲಾಗುವುದಿಲ್ಲವೇ? ಚಿಕ್ಕ ಹಳ್ಳಿಯಲ್ಲಿ "22 ವರ್ಷದ ಹೆಣ್ಣು, ಸುಟ್ಟಗಾಯ" ಎಂದರೆ ಹೆಸರು ಹೇಳಿದಂತೆಯೇ. ನಿಜ. ಆದರೆ ದಾರಿಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನು ಮಾತ್ರ ದೌರ್ಜನ್ಯದ ಬಗ್ಗೆ ಕೇಳುತ್ತಾರೆ, ಬೇರೆಯವರ ಕಿವಿಗೆ ಬೀಳುವಂತಿದ್ದರೆ ಕೇಳುವುದೇ ಇಲ್ಲ. ಸಂಶೋಧಕರಿಗೆ ಕೊಡುವ ನಕ್ಷೆಯಲ್ಲಿ ಪ್ರತಿ ಸ್ಥಳವನ್ನೂ ಬೇಕೆಂದೇ ಒಂದಷ್ಟು ಸರಿಸಿರುತ್ತಾರೆ, ಪಟ್ಟಣದಲ್ಲಿ 2 ಕಿಲೋಮೀಟರಿನವರೆಗೆ, ಹಳ್ಳಿಗಾಡಿನಲ್ಲಿ 5 ಕಿಲೋಮೀಟರಿನವರೆಗೆ. ಹೆಸರು ಮುಚ್ಚಿಟ್ಟು ಸತ್ಯವನ್ನು ತೆರೆದಿಡುವ ವಿದ್ಯೆ ಸರ್ಕಾರಕ್ಕೆ ಗೊತ್ತಿದೆ. ಆ ಸಮೀಕ್ಷೆಯಿಂದಲೇ ತಾನೆ ನಮಗೆ ತಿಳಿದದ್ದು, ಕರ್ನಾಟಕದಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದೆವೆಂದವರು 2015-16ರಲ್ಲಿ ನೂರಕ್ಕೆ 20.6, 2019-21ರಲ್ಲಿ 44.4 ಎಂದು? ದೇಶದ ರಾಜ್ಯಗಳಲ್ಲೇ ಅತಿ ಹೆಚ್ಚು. ಹಿಂಸೆಯೇ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ ಎಂದು ಜಗಳವಾಡಲು ನಮಗೆ ಸಾಧ್ಯವಾದದ್ದು ಆ ಅಂಕಿ ಎಲ್ಲರ ಕೈಗೂ ಸಿಕ್ಕಿದ್ದರಿಂದ.

ಆದರೆ ಸಮೀಕ್ಷೆ ಮಾತಾಡಿಸುವುದು ಬದುಕಿರುವವರನ್ನು. ಸತ್ತವಳ ಪರವಾಗಿ ಹೇಳಬೇಕಾದದ್ದು ಆಸ್ಪತ್ರೆಯ ರಿಜಿಸ್ಟರು. ಅದಕ್ಕಾಗಿಯೇ ನಾನು ಮಾಹಿತಿ ಹಕ್ಕಿನ ಅಡಿ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದೆ. 15ರಿಂದ 35 ವರ್ಷದ ಎಷ್ಟು ಹೆಂಗಸರು ಸುಟ್ಟಗಾಯಕ್ಕೆ ದಾಖಲಾದರು, ಎಷ್ಟು ಮಂದಿ ತೀರಿಕೊಂಡರು, ವರ್ಷವಾರು ಕೊಡಿ ಎಂದಷ್ಟೇ ಕೇಳಿದ್ದೆ. "ತಾವು ಕೋರಿದ ರೂಪದಲ್ಲಿ ಮಾಹಿತಿ ಲಭ್ಯವಿರುವುದಿಲ್ಲ" ಎಂದು ಉತ್ತರ ಬಂತು. ಹಾಗಾದರೆ ರಿಜಿಸ್ಟರನ್ನೇ ತೋರಿಸಿ, ಹೆಸರು ಮುಚ್ಚಿ ತೋರಿಸಿ ಎಂದೆ. ಅದು ವೈಯಕ್ತಿಕ ಮಾಹಿತಿಯಂತೆ. ನಾಲ್ಕನೆಯ ಬಾರಿ ಹೋದಾಗ ಗುಮಾಸ್ತ, "ಮೇಡಂ, ನಿಮಗ್ಯಾಕೆ ಈ ವಯಸ್ಸಲ್ಲಿ ಈ ಉಸಾಬರಿ?" ಎಂದ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ಸಾರ್ವಜನಿಕ ಹಿತಕ್ಕೆಂದು ಅಲ್ಲೇ ಇದ್ದ ಸಂದನ್ನೂ ಮುಚ್ಚಿತು. ಇನ್ನು ಮುಂದೆ ಆ ಗುಮಾಸ್ತನ ಉತ್ತರ ಇನ್ನೂ ಚಿಕ್ಕದಾದೀತು. ಸತ್ತವಳ ಖಾಸಗಿತನದ ಬಗ್ಗೆ ಇಷ್ಟು ಕಾಳಜಿಯಿರುವವರು ಅವಳು ಸಾಯುವ ಮುನ್ನ ಹೇಳಿಕೆ ಕೊಡುವಾಗ ಅತ್ತೆಯನ್ನು ಯಾಕೆ ಹೊರಗೆ ಕಳಿಸಲಿಲ್ಲ?

ನಮ್ಮ ಅಂಗಳದ ಕಸವನ್ನೂ ಹೇಳಿಬಿಡುತ್ತೇನೆ. ಮಹಿಳಾ ಸಂಘಟನೆಗಳ ಕಚೇರಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷಗಳ ಕಡತಗಳು ಬೀರುವಿನಲ್ಲಿ ಗೆದ್ದಲು ಹಿಡಿಯುತ್ತಿವೆ. ಒಂದು ಸಂಘದವರು ಇನ್ನೊಂದು ಸಂಘಕ್ಕೆ ತೋರಿಸುವುದಿಲ್ಲ. ಅವರವರ ವರದಿ ಅವರವರ ದಾನಿಗಳಿಗೆ. ಸರ್ಕಾರದ ಬೀಗವನ್ನು ಬೈಯುವ ನಮ್ಮ ಸೆರಗಿನ ತುದಿಯಲ್ಲೂ ಒಂದು ಬೀಗದ ಕೈ ಗಂಟು ಹಾಕಿಕೊಂಡಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಹಾವು ಕಡಿತಕ್ಕೆ ಹೊರಡಿಸಿದಂಥ ಆದೇಶವನ್ನೇ ಹೆಂಗಸರ ಸುಟ್ಟಗಾಯಕ್ಕೂ, ವಿಷ ಕುಡಿದು ಬಂದವರಿಗೂ ಹೊರಡಿಸಲಿ. ವಯಸ್ಸು, ಮದುವೆಯಾದ ವರ್ಷ, ಎಷ್ಟು ಭಾಗ ಸುಟ್ಟಿದೆ, ಯಾರು ಕರೆತಂದರು, ಕೊನೆಗೆ ಏನಾಯಿತು, ಇಷ್ಟನ್ನು ಹೆಸರಿಲ್ಲದೆ, ಹಳ್ಳಿಯ ಗುರುತಿಲ್ಲದೆ, ತಾಲ್ಲೂಕುವಾರು ಪ್ರತಿ ತಿಂಗಳು ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಅಲ್ಲಿಯವರೆಗೆ ನಿಮ್ಮ ಬೀರುವಿನಲ್ಲಿರುವುದನ್ನು ಹೆಸರು ಬಿಟ್ಟು ಇದೇ ಐದು ಅಂಕಣಗಳಲ್ಲಿ ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕೂಡಿಸುವ ಕೆಲಸ ನನ್ನದು. ಮೊದಲ ಸಾಲನ್ನು ನಾನೇ ಬರೆದಿಟ್ಟಿದ್ದೇನೆ: 21 ವರ್ಷ, ಮದುವೆಯಾಗಿ 14 ತಿಂಗಳು, ನೂರಕ್ಕೆ 70 ಭಾಗ, ಕರೆತಂದವರು ಗಂಡನ ಮನೆಯವರು, ಐದನೆಯ ದಿನ ಸಾವು.