ಮಿನಿಗೆ ಎಲ್‌ಎಸ್‌ಡಿ ಬೇಕಾ? ಕಿಲ್ಬರ್ನ್‌ನಿಂದ ಬಂದ ಪ್ರಶ್ನೆ

ಈ ಸಲದ ಪ್ರಶ್ನೆ ಬಂದಿರೋದು ಆಸ್ಟ್ರೇಲಿಯಾದಿಂದ, ಅಡಿಲೇಡ್ ನಗರದ ಕಿಲ್ಬರ್ನ್‌ನಿಂದ. ಅಲ್ಲಿರೋ ನಮ್ಮ ಕೇಳುಗರೊಬ್ಬರು 1960ರ ದಶಕದ ಮಿನಿ ಕಾರೊಂದನ್ನ ಶೆಡ್‌ನಲ್ಲಿ ಬಿಚ್ಚಿಟ್ಟುಕೊಂಡು ಕೂತಿದ್ದಾರೆ. ಹಳೇ ಕಾರುಗಳ ರೇಸ್‌ನಲ್ಲಿ ಓಡಿಸೋ ಆಸೆ. ತೊಂದರೆ ಏನಂದ್ರೆ, ತಿರುವಿನಿಂದ ಆಚೆ ಬರುವಾಗ ಆಕ್ಸಿಲರೇಟರ್ ಒತ್ತಿದ್ರೆ ಒಳಬದಿಯ ಮುಂದಿನ ಚಕ್ರ ಸುಮ್ನೆ ಗಿರ್ರಂತ ತಿರುಗತ್ತೆ, ಕಾರು ಮುಂದಕ್ಕೆ ಹೋಗಲ್ಲ. ಒಬ್ಬ ಗೆಳೆಯರು "ಪ್ಲೇಟ್ ಇರೋ ಎಲ್‌ಎಸ್‌ಡಿ ಹಾಕ್ಸಿ" ಅಂದ್ರಂತೆ. ಇನ್ನೊಬ್ಬರು "ದುಡ್ಡು ಯಾಕೆ ದಂಡ, ಡಿಫ್ ವೆಲ್ಡ್ ಮಾಡಿಬಿಡಿ" ಅಂದ್ರಂತೆ. ಇವರ ಕೈಲಿರೋದು ಒಂದು ಸಲ ಖರ್ಚು ಮಾಡೋಷ್ಟು ಹಣ. ನಮಗೆ ಈ ಎರಡೂ ಸಲಹೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳ್ತೀವಿ.

ಮೊದಲು ಡಿಫರೆನ್ಷಿಯಲ್ ಯಾಕೆ ಬೇಕು ಅಂತ ನೋಡೋಣ. ನಮ್ಮ ಎತ್ತಿನ ಗಾಡಿಗೆ ಅದು ಬೇಕಾಗಿಲ್ಲ. ಎರಡೂ ಚಕ್ರ ಅಚ್ಚಿನ ಮೇಲೆ ತಂತಮ್ಮ ಪಾಡಿಗೆ ತಿರುಗತ್ವೆ, ಎಳೆಯೋದು ಎತ್ತು. ಕಾರಿನಲ್ಲಿ ಚಕ್ರವೇ ಎಳೀಬೇಕು, ಅದಕ್ಕೇ ಈ ಪೇಚು. ಮಿನಿಯ ಎರಡು ಮುಂಚಕ್ರಗಳ ನಡುವಿನ ಅಂತರ ಸುಮಾರು 1.2 ಮೀಟರ್. ಒಂದು ಯೂ-ಟರ್ನ್ ತಗೊಂಡ್ರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 3.8 ಮೀಟರ್ ಹೆಚ್ಚು ದೂರ ಹೋಗಬೇಕು. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಲೆಕ್ಕ ಅಷ್ಟೇ ಬರತ್ತೆ. ಮಿನಿಯ ಪುಟ್ಟ 10 ಇಂಚಿನ ಚಕ್ರಕ್ಕೆ ಅದು ಸುಮಾರು ಎರಡೂವರೆ ಸುತ್ತು. ಈ ಎರಡೂವರೆ ಸುತ್ತಿನ ವ್ಯತ್ಯಾಸಕ್ಕೆ ಅವಕಾಶ ಮಾಡಿಕೊಡೋದೇ ಡಿಫ್.

ಕಿಲ್ಬರ್ನ್‌ನವರಿಗೆ ಇದರ ಇನ್ನೊಂದು ಮುಖ ಮನೆ ಪಕ್ಕದಲ್ಲೇ ಇದೆ. ಚರ್ಚಿಲ್ ರಸ್ತೆಗೆ ಅಂಟಿಕೊಂಡೇ ಇಸ್ಲಿಂಗ್ಟನ್ ರೈಲ್ವೆ ವರ್ಕ್‌ಶಾಪ್. 1880ರ ದಶಕದಲ್ಲಿ ಶುರುವಾದ ಜಾಗ ಅದು. 1943ರಿಂದ 520 ಕ್ಲಾಸ್ ಉಗಿ ಇಂಜಿನ್‌ಗಳನ್ನ ಕಟ್ಟಿದ್ದೂ ಅಲ್ಲೇ. ರೈಲಿನ ಅಚ್ಚಿಗೆ ಡಿಫ್ ಇರಲ್ಲ, ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿರತ್ತೆ. ಆದರೂ ರೈಲು ತಿರುಗತ್ತಲ್ಲ, ಹೇಗೆ? ಚಕ್ರದ ಅಂಚು ಸ್ವಲ್ಪ ಓರೆಯಾಗಿರತ್ತೆ. ತಿರುವಿನಲ್ಲಿ ಅಚ್ಚು ಹೊರಕ್ಕೆ ಸರಿದಾಗ ಹೊರಗಿನ ಚಕ್ರ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳತ್ತೆ. ಟೈರಿಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಡಿಫ್ ವೆಲ್ಡ್ ಮಾಡಿದ ಕಾರು ಪ್ರತಿ ತಿರುವಿನಲ್ಲೂ ಟೈರನ್ನ ರಸ್ತೆಗೆ ಉಜ್ಜಿಕೊಂಡೇ ಹೋಗಬೇಕು. ಹಿಂಚಕ್ರ ಎಳೆಯೋ ಕಾರಿನಲ್ಲಾದ್ರೆ ಹೇಗೋ ಸಂಭಾಳಿಸಬಹುದು. ಮಿನಿಯಲ್ಲಿ ಎಳೆಯೋ ಚಕ್ರವೇ ತಿರುಗಿಸೋ ಚಕ್ರ. ವೆಲ್ಡ್ ಮಾಡಿದ್ರೆ ಸ್ಟೀರಿಂಗ್ ತಿರುಗಿಸಿದ್ರೂ ಕಾರು ನೇರ ಹೋಗೋಕೆ ನೋಡತ್ತೆ, ಡ್ರೈವ್ ಶಾಫ್ಟ್ ಮತ್ತು ಸಿವಿ ಜಾಯಿಂಟ್ ಮೇಲೆ ವಿಪರೀತ ಹೊರೆ ಬೀಳತ್ತೆ. ಪಕ್ಕದಲ್ಲಿ ಇನ್ನೊಂದು ಕಾರು ಓಡ್ತಿರುವಾಗ ಇದು ಉಳಿತಾಯದ ವಿಷಯ ಅಲ್ಲ. ಬೇಡ, ಅಷ್ಟೇ.

ಇನ್ನು ಎಲ್‌ಎಸ್‌ಡಿ. ಸಾಧಾರಣ ಡಿಫ್ ಎರಡೂ ಚಕ್ರಕ್ಕೆ ಸಮ ಟಾರ್ಕ್ ಹಂಚತ್ತೆ. ಒಳಗಿನ ಚಕ್ರ 100 ನ್ಯೂಟನ್-ಮೀಟರ್ ಮಾತ್ರ ತಾಳತ್ತೆ ಅಂದ್ಕೊಳ್ಳಿ. ಆಗ ಹೊರಗಿನದಕ್ಕೂ 100ರ ಹತ್ತಿರವೇ ಸಿಗೋದು, ಒಟ್ಟು 200. ಹೊರಗಿನ ಟೈರಿಗೆ ಎಷ್ಟೇ ಹಿಡಿತ ಇದ್ರೂ ಪ್ರಯೋಜನ ಇಲ್ಲ. ಗೇರ್ ಜಾತಿಯ ಎಲ್‌ಎಸ್‌ಡಿ, ಅಂದ್ರೆ ಟಾರ್ಸೆನ್, ಕ್ವೈಫ್ ಥರದ್ದು, ಒಳಗಿನದರ ಇಷ್ಟು ಪಾಲು ಅಂತ ಗುಣಿಸಿ ಹೊರಗಿನದಕ್ಕೆ ಕೊಡತ್ತೆ. ಆ ಗುಣಕ ಎರಡೂವರೆ ಅಂತಿಟ್ಕೊಂಡ್ರೆ 100ಕ್ಕೆ 250 ಸೇರಿ 350. ಆದರೆ ಒಳಗಿನ ಚಕ್ರ ಪೂರ್ತಿ ಗಾಳಿಯಲ್ಲಿದ್ರೆ? ಸೊನ್ನೆಯನ್ನ ಎಷ್ಟರಿಂದ ಗುಣಿಸಿದ್ರೂ ಸೊನ್ನೆ. ಪ್ಲೇಟ್ ಜಾತಿಯದು ಗೆಲ್ಲೋದು ಇಲ್ಲೇ. ಅದರಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದ ಕ್ಲಚ್ ಪ್ಲೇಟ್‌ಗಳಿರತ್ವೆ, ಚಕ್ರ ಎದ್ದರೂ ಸ್ವಲ್ಪ ಬಿಗಿ ಉಳಿದಿರತ್ತೆ.

ಹಾಗಾದ್ರೆ ಕೇಳಬೇಕಾದ ಪ್ರಶ್ನೆ: ನಿಮ್ಮ ಕಾರು ತಿರುವಿನಲ್ಲಿ ಯಾವ ಚಕ್ರ ಎತ್ತತ್ತೆ? ಚೆನ್ನೈ ಹತ್ತಿರದ ಶೋಲಾವರಂ ಏರ್‌ಸ್ಟ್ರಿಪ್‌ನಲ್ಲಿ ರೇಸ್ ನಡೀತಿದ್ದ ಕಾಲದ ಫಿಯಟ್ 1100ರಂಥ ಕಾರುಗಳಲ್ಲಿ ಎಳೆಯೋದು ಹಿಂಚಕ್ರ. ಒಳಗಿನ ಹಿಂಚಕ್ರ ಎದ್ದರೆ ಎಳೆತವೇ ಹೋಯ್ತು, ಅಲ್ಲಿ ಪ್ಲೇಟ್‌ಗೆ ಅರ್ಥ ಇದೆ. ಗಟ್ಟಿಯಾಗಿ ಓಡಿಸಿದ ಮಿನಿ ಕೂಡ ಸಾಮಾನ್ಯವಾಗಿ ಒಳಗಿನ ಹಿಂಚಕ್ರವನ್ನೇ ಎತ್ತೋದು. ನಾಯಿ ಕಾಲೆತ್ತಿದ ಹಾಗಿರೋ ಆ ಫೋಟೋಗಳನ್ನ ನೀವೂ ನೋಡಿರ್ತೀರಿ. ಆದರೆ ಅಲ್ಲಿ ಹಿಂಚಕ್ರ ಎಳೆಯೋದೇ ಇಲ್ಲ. ಮುಂಚಕ್ರ ಹಗುರಾಗಿದ್ರೂ ನೆಲದ ಮೇಲೇ ಇರತ್ತೆ. ಅಂದ್ರೆ ಗೇರ್ ಜಾತಿಗೆ ಗುಣಿಸೋಕೆ ಏನಾದ್ರೂ ಸಿಕ್ಕೇ ಸಿಗತ್ತೆ.

ಎಲ್ಲಕ್ಕಿಂತ ದೊಡ್ಡ ಕಾರಣ ಆಯಿಲ್. ಅಲೆಕ್ ಇಸಿಗೊನಿಸ್ 1959ರಲ್ಲಿ ತಂದ ಮಿನಿಯಲ್ಲಿ ಗೇರ್‌ಬಾಕ್ಸ್ ಇರೋದು ಇಂಜಿನ್ ಕೆಳಗೆ. ಇಂಜಿನ್, ಗೇರ್‌ಬಾಕ್ಸ್, ಡಿಫ್ ಮೂರಕ್ಕೂ ಒಂದೇ ಆಯಿಲ್. ಪ್ಲೇಟ್ ಸವೆದ ಪುಡಿ ಎಲ್ಲಿಗೆ ಹೋಗತ್ತೆ ಹೇಳಿ? ಬೇರಿಂಗ್‌ಗೆ ಹೋಗೋ ಅದೇ ಆಯಿಲ್‌ಗೆ. ಫಿಲ್ಟರ್ ಇದೆ ನಿಜ, ಆದರೆ ಅತಿ ಸಣ್ಣ ಪುಡಿಯನ್ನೆಲ್ಲ ಅದು ಹಿಡಿಯಲ್ಲ. ಎಲ್‌ಎಸ್‌ಡಿಗೆ ಅಂತಲೇ ಸಿಗೋ ಗೇರ್ ಆಯಿಲ್ ಹಾಕೋಣ ಅಂದ್ರೆ ಇಂಜಿನ್‌ಗೆ ಆಗಲ್ಲ. ಪ್ಲೇಟ್ ಹೊಸದಾಗಿ ಕಟ್ಟಿಸ್ತಾನೂ ಇರಬೇಕು. ಒಂದೇ ಸಲ ಖರ್ಚು ಮಾಡೋರಿಗೆ ಇದು ತಿಂಗಳ ಚೀಟಿ ಹಾಕಿದ ಹಾಗೆ.

"ಆ ಕಾಲದ ಮಿನಿ ರೇಸರ್‌ಗಳು ಹಾಕ್ತಿದ್ದದ್ದು ಪ್ಲೇಟೇ, ಗೇರ್ ಹಾಕಿದ್ರೆ ಕಾರು ಹಳೇದಾಗಿ ಉಳಿಯತ್ತಾ?" ಅನ್ನೋ ವಾದ ಇದೆ. ನಾವು ಅದನ್ನ ತಳ್ಳಿಹಾಕಲ್ಲ. ನಿಮ್ಮ ವರ್ಗದ ನಿಯಮ ಪ್ಲೇಟ್ ಅಂದ್ರೆ ಪ್ಲೇಟೇ ಹಾಕಿ, ಆಯಿಲ್ ಬೇಗ ಬೇಗ ಬದಲಿಸಿ. ನಿಯಮ ಎರಡನ್ನೂ ಒಪ್ಪಿದ್ರೆ ಹಳೇ ಇಂಜಿನ್ ಬ್ಲಾಕ್ ಉಳಿಸಿಕೊಳ್ಳೋದೇ ಮುಖ್ಯ ಅಂತ ನಮ್ಮ ಅಭಿಪ್ರಾಯ. ಡಿಫ್ ನಾಳೆ ಬಿಚ್ಚಿ ಬದಲಿಸಬಹುದು, ಹಾಳಾದ ಕ್ರ್ಯಾಂಕ್ ಸಿಗೋದು ಕಷ್ಟ.

ಅದಕ್ಕೂ ಮುಂಚೆ ಇನ್ನೊಂದು ಅಗ್ಗದ ಪರೀಕ್ಷೆ. ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 60 ಕಿಮೀ ಹೋದ್ರೆ ಮಲ್ಲಾಲ ಟ್ರ್ಯಾಕ್, ಹಿಂದೆ ವಾಯುಪಡೆಯ ನೆಲೆಯಾಗಿದ್ದು 1961ರಲ್ಲಿ ಆಸ್ಟ್ರೇಲಿಯನ್ ಗ್ರಾಂ ಪ್ರಿ ನಡೆದ ಜಾಗ. ಅಭ್ಯಾಸದ ದಿನ ಅಲ್ಲಿ ಹೇರ್‌ಪಿನ್ ಹತ್ರ, ಬೇಲಿಯ ಈಚೆ, ಯಾರನ್ನಾದ್ರೂ ನಿಲ್ಲಿಸಿ ಮೊಬೈಲ್‌ನಲ್ಲಿ ವಿಡಿಯೋ ತೆಗೆಸಿ. ಹಿಂದಿನ ಎರಡೂ ಚಕ್ರ ನೆಲದ ಮೇಲೇ ಇದ್ರೆ, ಹಿಂದಕ್ಕೊಂದು ಆಂಟಿ-ರೋಲ್ ಬಾರ್ ಹಾಕಿ. ಒಳಗಿನ ಮುಂಚಕ್ರದ ಮೇಲೆ ಭಾರ ಹೆಚ್ಚತ್ತೆ, ಗಿರಕಿ ಅಲ್ಲೇ ಕಡಿಮೆ ಆಗಬಹುದು. ಹಿಂಚಕ್ರ ಈಗಾಗಲೇ ಗಾಳಿಯಲ್ಲಿದ್ರೆ ಬಾರ್‌ನಿಂದ ಇನ್ನೇನೂ ಸಿಗಲ್ಲ, ಆಗ ಗೇರ್ ಎಲ್‌ಎಸ್‌ಡಿ ತಗೊಳ್ಳಿ. ಹಾಕಿದ ಮೊದಲ ದಿನ ಸ್ಟೀರಿಂಗ್ ಎರಡೂ ಕೈಲಿ ಬಿಗಿಯಾಗಿ ಹಿಡೀರಿ. ಗ್ಯಾಸ್ ಕೊಟ್ಟಾಗ ಹೊರಗಿನ ಚಕ್ರ ಕಾರನ್ನ ತಿರುವಿನ ಒಳಕ್ಕೆ ಎಳೆಯತ್ತೆ, ಅಭ್ಯಾಸ ಇಲ್ಲದ ಕೈಗೆ ಅದು ಗಾಬರಿ. ಆ ವಿಡಿಯೋ ನಮಗೂ ಕಳಿಸಿ ಸಾರ್, ಮುಂದಿನ ಸಂಚಿಕೆಯಲ್ಲಿ ಯಾವ ಚಕ್ರ ಎದ್ದಿತ್ತು ಅಂತ ಎಲ್ಲರಿಗೂ ಹೇಳ್ತೀವಿ.