ಲಿಪಿಕಾರನ ಕಾಯಕ

ಚಳ್ಳಕೆರೆಯಲ್ಲಿ ಎಣ್ಣೆಗಿರಣಿ, ಮೊಳಕಾಲ್ಮೂರಿನಲ್ಲಿ ರೇಷ್ಮೆಮಗ್ಗ: ನಮ್ಮ ಸೀಮೆಯಲ್ಲಿ ದುಡಿಮೆಯೆಂದರೆ ಕಣ್ಣಿಗೆ ಕಾಣುವಂಥದು. ಮನೆಯಲ್ಲೇ ಕುಳಿತು ಅಂತರ್ಜಾಲದ ಪುಟಗಳನ್ನು ಸಿದ್ಧಪಡಿಸುವ ನಮ್ಮ ಕಾಯಕವನ್ನು ನೆರೆಯ ಹಿರಿಯರಿಗೆ ವಿವರಿಸುವುದು ಇಂದಿಗೂ ಕಷ್ಟವೇ.

ಕಳೆದ ಶ್ರಾವಣದಲ್ಲಿ, ಲಿಂಗೈಕ್ಯರಾದ ನಮ್ಮ ತಂದೆಯವರು ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಬರೆದಿಟ್ಟಿದ್ದ ವಚನವ್ಯಾಖ್ಯಾನವನ್ನು ತೆರೆದೆವು. ಕನ್ನಡವೇ ಕಾಣಲಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಅಂದಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಬರಹ ಅನಾಥ. ಇಂದಿನ ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳಿವೆ. ಅದಕ್ಕೆ ಪರಿವರ್ತಿಸಿದೆವು, ಆದರೆ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನಪಲ್ಲಟಗೊಂಡವು. ಪ್ರತಿಸಂಜೆ ನಾವು ಓದುತ್ತೇವೆ. ತಾಯಿಯವರು ಆಲಿಸಿ, “ನಿಮ್ಮಪ್ಪಾಜಿ ಹಂಗೆ ಬರೆಯೋರಲ್ಲ” ಎಂದು ತಿದ್ದುತ್ತಾರೆ.

ಇದೇ ಗುಂಗಿನಲ್ಲಿ ಮೊನ್ನೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿದ್ದೆವು. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಅದನ್ನು ಬರೆದವನು ಚಪಡ. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ‘ಲಿಪಿಕಾರ’ ಎಂಬ ತನ್ನ ವೃತ್ತಿನಾಮವನ್ನು ಮಾತ್ರ ಅವನು ದೂರದ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅವನಿಗೂ ತನ್ನ ವಿದ್ಯೆಯ ಮೇಲೆ ತುಸು ಅಭಿಮಾನವಿದ್ದಿರಬೇಕು! ಶಿಲೆ ಉಳಿದರೂ ಬ್ರಾಹ್ಮಿಯನ್ನು ಓದಬಲ್ಲವರು ಉಳಿಯಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಬೇಕಾಯಿತು.

ನಮ್ಮ ತಂದೆಯವರ ಬರಹದಲ್ಲಿ ಇನ್ನೂ ನಲವತ್ತು ಪುಟಗಳು ಬಾಕಿಯಿವೆ. ತಾಯಿಯವರಿಗೆ ಎಂಬತ್ತೆರಡು. ಈಗ ಮುಂಜಾನೆ ಲಿಂಗಪೂಜೆ ಮುಗಿದೊಡನೆಯೂ ಓದಲು ಕುಳಿತುಕೊಳ್ಳುತ್ತಿದ್ದೇವೆ.