ಪಾಲು ಆಮೇಲೆ, ಗಡುವು ಮೊದಲು



ಬೇರೆಯಾದ ದಂಪತಿಯ ಮಕ್ಕಳನ್ನು ತಂದೆ–ತಾಯಿ ಇಬ್ಬರಿಗೂ ಕಡ್ಡಾಯವಾಗಿ ಸರಿಸಮ ದಿನಗಳಿಗೆ ಒಪ್ಪಿಸುವ ಕಾನೂನು ಬರಬೇಕೆಂಬ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಲೇಖಕರ ಸಂಕಟ ನಿಜ, ಹೇಳಿದ ಮದ್ದು ಮಾತ್ರ ಬೇರೆ ಕಾಯಿಲೆಯದು. ಅವರು ಆಧಾರವಾಗಿ ತೋರಿಸಿದ ಕಾನೂನು ಆಯೋಗದ 257ನೇ ವರದಿ (2015) ಹಾಗೆ ಹೇಳಿಯೂ ಇಲ್ಲ. ಮಗುವಿಗೆ ಒಳಿತೆನಿಸಿದರೆ ಜಂಟಿ ಸುಪರ್ದಿಯನ್ನೂ ಕೊಡಬಹುದು ಎಂದಿತೇ ಹೊರತು ಎಲ್ಲರಿಗೂ ಅದೇ ನಿಯಮ ಎನ್ನಲಿಲ್ಲ. 2013ರಲ್ಲಿ ನಮ್ಮ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಮಗು ಇರಲಿ ಎಂದದ್ದುಂಟು. ಆ ಎರಡು ಮನೆಗಳಿಗೆ ಅದು ಹೊಂದಿರಬಹುದು. ತಂದೆ ಹುಬ್ಬಳ್ಳಿಯಲ್ಲಿ, ತಾಯಿ ಮೈಸೂರಿನಲ್ಲಿ ಇದ್ದರೆ? ಶಾಲೆ ತೆರೆದು ತಿಂಗಳಾಗುವಷ್ಟರಲ್ಲಿ ಮಗು ಗಂಟುಮೂಟೆ ಕಟ್ಟಬೇಕು.

ದಿನಗಳ ಲೆಕ್ಕಕ್ಕಿಂತ ನನಗೆ ಚಿಂತೆಯಾಗಿರುವುದು ವಾಯಿದೆಗಳ ಲೆಕ್ಕ. ದಾವೆ ಹೂಡುವ ಹೊತ್ತಿಗೆ ಮಗು ಯಾರ ಮನೆಯಲ್ಲಿತ್ತೋ, ಸಾಮಾನ್ಯವಾಗಿ ಕೇಸು ಮುಗಿಯುವತನಕ ಅಲ್ಲೇ ಇರುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ಮೂರು ವರ್ಷದ ಮಗುವಿಗಾಗಿ ತಾಯಿ ಹಾಕಿದ ಅರ್ಜಿ ಮಗುವಿಗೆ ಆರು ತುಂಬಿದ ಮೇಲೆ ಇತ್ಯರ್ಥವಾದರೆ ಆ ಮಾತಿಗೆ ಬೆಲೆಯೇನು ಉಳಿಯಿತು?

ಇಪ್ಪತ್ತೊಂದು ತಿಂಗಳಿದ್ದಾಗ ತಾಯಿಯಿಂದ ದೂರವಾದ ಹೆಣ್ಣುಮಗುವೊಂದನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತಾಯಿಗೆ ಒಪ್ಪಿಸಿದಾಗ ಅವಳಿಗೆ ಎಂಟು ವರ್ಷ. ಹೈಕೋರ್ಟಿನಲ್ಲಿ ತಾಯಿ 2013ರಲ್ಲೇ ಗೆದ್ದಿದ್ದರು. ಇಷ್ಟು ವರ್ಷ ಒಬ್ಬರ ಮಾತನ್ನಷ್ಟೇ ಕೇಳಿ ಬೆಳೆದ ಮಗುವನ್ನು ನ್ಯಾಯಾಧೀಶರು ಕೊಠಡಿಗೆ ಕರೆದು ‘ಯಾರ ಜೊತೆ ಇರ್ತೀಯಮ್ಮ?’ ಎಂದರೆ ಅದು ಏನು ಹೇಳೀತು? ಅದನ್ನು ಮಗುವಿನ ಇಚ್ಛೆ ಎಂದು ಬರೆದುಕೊಳ್ಳುತ್ತೇವೆ.

ಪ್ರೌಢಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಮಧ್ಯಂತರ ಆದೇಶದ ಜೆರಾಕ್ಸ್ ಹಿಡಿದು ಬರುವ ತಂದೆಯನ್ನೂ, ‘ಅವರ ಕೈಗೆ ಮಗು ಕೊಡಬೇಡಿ ಮೇಡಂ’ ಎಂದು ಅಳುವ ತಾಯಿಯನ್ನೂ ಶಾಲೆಯ ಆಫೀಸಿನಲ್ಲಿ ಕಂಡಿದ್ದೇನೆ. ಆದೇಶದಲ್ಲಿ ಇರುವುದು ಭಾನುವಾರ ಇಂತಿಷ್ಟು ಗಂಟೆ, ಇಂಥ ಕಡೆ, ಅಷ್ಟೇ. ಎಷ್ಟೋ ಸಲ ಆ ‘ಇಂಥ ಕಡೆ’ ಎಂದರೆ ನ್ಯಾಯಾಲಯದ ಆವರಣ. ಅಂಕಪಟ್ಟಿಗೆ ಸಹಿ ಯಾರದು, ಪ್ರವಾಸಕ್ಕೆ ಒಪ್ಪಿಗೆ ಯಾರದು, ಟಿ.ಸಿ. ಕೇಳಿದರೆ ಯಾರಿಗೆ ಕೊಡಬೇಕು, ರಾತ್ರಿ ಜ್ವರ ಬಂದರೆ ಇನ್ನೊಬ್ಬರಿಗೆ ಹೇಳಬೇಕೇ ಬೇಡವೇ ಎಂಬುದಕ್ಕೆ ಉತ್ತರವಿಲ್ಲ. ತಾತ್ಕಾಲಿಕ ಆದೇಶ ತಾನೇ, ಇಷ್ಟು ಸಾಕು ಅನ್ನುವ ಭಾವ. ಆ ತಾತ್ಕಾಲಿಕದಲ್ಲೇ ಮಗು ಪ್ರಾಥಮಿಕ ಶಾಲೆ ಮುಗಿಸಿರುತ್ತದೆ. ಸುಪರ್ದಿ ಸಿಗದವರಿಗೆ ದಿನಕ್ಕೆ 5–10 ನಿಮಿಷ ಮಗುವಿನೊಡನೆ ಮಾತಾಡುವ ಹಕ್ಕಿರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನಾನು ಕಂಡ ಜೆರಾಕ್ಸ್ ಪ್ರತಿಗಳಲ್ಲಿ ಇರಲಿಲ್ಲ.

ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ಕ್ಕೆ 2001ರಲ್ಲಿ ಒಂದು ಮಾತು ಸೇರಿಸಿದರು: ಮಕ್ಕಳ ಜೀವನಾಂಶ ಮತ್ತು ಶಿಕ್ಷಣದ ಅರ್ಜಿ, ಎದುರುದಾರರಿಗೆ ನೋಟಿಸ್ ತಲುಪಿದ 60 ದಿನಗಳಲ್ಲಿ ಆದಷ್ಟೂ ಇತ್ಯರ್ಥವಾಗಬೇಕು. ಮಗು ಯಾರ ಬಳಿ ಇರಬೇಕು, ಇನ್ನೊಬ್ಬರು ಅದರ ಮುಖ ನೋಡುವುದು ಯಾವಾಗ ಎಂಬುದಕ್ಕೆ ಅಲ್ಲಿ ಗಡುವಿಲ್ಲ. ಗಡುವಿಲ್ಲದ ಕಡೆ ಚೌಕಾಸಿ ಹುಟ್ಟುತ್ತದೆ. ‘ಮಗು ತೋರಿಸದಿದ್ದರೆ ದುಡ್ಡಿಲ್ಲ’ ಎಂದು ಅವರು, ‘ದುಡ್ಡಿಲ್ಲದೆ ಮಗು ಇಲ್ಲ’ ಎಂದು ಇವರು.

ಬೇಗ ತೀರ್ಮಾನವಾದರೆ ಲೇಖಕರು ಮರುಗುವ ತಂದೆಯರಿಗೂ ಅನುಕೂಲ, ಅವರು ಹೆಸರೆತ್ತದ ತಾಯಂದಿರಿಗೂ. ಹೊಡೆತ ತಿಂದು ಮನೆ ಬಿಟ್ಟ ಹೆಂಗಸಿಗೆ ಕಡ್ಡಾಯ ಸರಿಪಾಲು ಎಂದರೆ ವಾರವಾರವೂ ಅದೇ ಬಾಗಿಲಿಗೆ ಹೋಗಿ ನಿಲ್ಲುವುದು. ಅಂಥ ಪ್ರಕರಣವನ್ನು ನ್ಯಾಯಾಧೀಶರು ಮೊದಲ ತಿಂಗಳುಗಳಲ್ಲೇ ಗುರುತಿಸಿ ಬೇರೆಯವರ ಸಮ್ಮುಖದಲ್ಲಿ ಭೇಟಿ ಮಾಡಿಸಲಿ.

ಸಂಸತ್ತಿಗಾಗಿ ಕಾಯಬೇಕಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 21 ನಿಯಮ ಮಾಡುವ ಅಧಿಕಾರವನ್ನು ಹೈಕೋರ್ಟಿಗೇ ಕೊಟ್ಟಿದೆ. ಭೇಟಿಯ ಮೊದಲ ಆದೇಶಕ್ಕೂ ಅದೇ 60 ದಿನದ ಗಡುವು ಇಡಲಿ. ಶಾಲೆ, ಆಸ್ಪತ್ರೆ, ಹಬ್ಬ, ಫೋನ್ ಎಲ್ಲಕ್ಕೂ ಉತ್ತರವಿರುವ ಪಾಲನಾ ಯೋಜನೆಯನ್ನು ಇಬ್ಬರಿಂದಲೂ ಬರೆಸಿಕೊಳ್ಳಲಿ. ಇದನ್ನೂ ಅದೇ 257ನೇ ವರದಿ ಹೇಳಿತ್ತು. ಬೇಸಿಗೆ ಮತ್ತು ದಸರಾ ರಜೆಗೆ ಮಗುವನ್ನು ಕಳಿಸಿಕೊಡಿ ಎಂಬ ಅರ್ಜಿಗಳು ಶಾಲೆಗೆ ರಜೆ ಬೀಳುವ ಮೊದಲೇ ತೀರ್ಮಾನವಾಗಲಿ. ಅಜ್ಜಿ ಮನೆಗೆ ಹೋಗಲು ಜೂನ್‌ನಲ್ಲಿ ಅಪ್ಪಣೆ ಸಿಕ್ಕರೆ ಮಗು ಹಾಜರಿ ಕಳೆದುಕೊಂಡು ಹೋಗಬೇಕೇ?

– ನಿವೃತ್ತ ಮುಖ್ಯೋಪಾಧ್ಯಾಯಿನಿ, ತುಮಕೂರು